ಮೀನಿನ ಭ್ರೂಣ ಕೆಟ್ಟರೆ ಮೊದಲು ತಾಯಿಯ ಜೀನ್ ನೋಡಿ

ಜೀಬ್ರಾ ಮೀನಿನ ಭ್ರೂಣ ಪಾರದರ್ಶಕ. ತಾಯಿಯ ದೇಹದ ಹೊರಗೇ ಬೆಳೆಯುತ್ತದೆ. ಹಾಗಾಗಿ ಜೀವಕೋಶ ಎರಡಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು. ನೀರು 28.5 ಡಿಗ್ರಿ ಇದ್ದರೆ ಮೊದಲ ವಿಭಜನೆಗೆ ಸುಮಾರು 45 ನಿಮಿಷ ಬೇಕು. ಆಮೇಲೆ ಸುಮಾರು 15 ನಿಮಿಷಕ್ಕೊಮ್ಮೆ ಎಲ್ಲ ಕೋಶಗಳೂ ಒಟ್ಟಿಗೇ ಒಡೆಯುತ್ತವೆ. ಕೋಶ ಬೆಳೆಯಲು ಬಿಡುವೇ ಇಲ್ಲ. ಡಿಎನ್‌ಎ ನಕಲು ಮಾಡು, ಒಡೆ, ಅಷ್ಟೇ.

ಈ ಹಂತದಲ್ಲಿ ಭ್ರೂಣ ಕೆಟ್ಟರೆ ಹೊಸ ವಿದ್ಯಾರ್ಥಿಗಳು ಭ್ರೂಣದ ಡಿಎನ್‌ಎ ಪರೀಕ್ಷೆಗೆ ಹೊರಡುತ್ತಾರೆ. ತಾಯಿಯದನ್ನು ನೋಡಿ ಅನ್ನುತ್ತೇನೆ ನಾನು. ಭ್ರೂಣದ ಸ್ವಂತ ಜೀನ್‌ಗಳು ಆಗಿನ್ನೂ ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಎಲ್ಲ ನಡೆಯುವುದು ತಾಯಿ ಮೊಟ್ಟೆಯಲ್ಲಿ ಕಟ್ಟಿಕೊಟ್ಟ ಬುತ್ತಿಯಿಂದ, ಅಂದರೆ ಆರ್‌ಎನ್‌ಎ ಮತ್ತು ಪ್ರೋಟೀನ್‌ಗಳಿಂದ.

'ಫ್ಯೂಟೈಲ್ ಸೈಕಲ್' ಎಂಬ ಮ್ಯುಟೇಶನ್, ಅಂದರೆ ಜೀನ್‌ನಲ್ಲಾದ ಬದಲಾವಣೆ, ನೋಡಿ. ಜೀನ್‌ನ ಎರಡೂ ಪ್ರತಿಗಳಲ್ಲಿ ಅದನ್ನು ಹೊತ್ತ ಹೆಣ್ಣು ಮೀನು ಆರೋಗ್ಯವಾಗೇ ಇರುತ್ತದೆ. ಗಂಡು ಸರಿಯಿದ್ದರೂ ಅದರ ಮೊಟ್ಟೆಗಳು ಮಾತ್ರ ಬೆಳೆಯುವುದಿಲ್ಲ. ಮೊಟ್ಟೆಯ ಮತ್ತು ವೀರ್ಯಾಣುವಿನ ಕೋಶಕೇಂದ್ರಗಳು ಒಂದಾಗುವುದೇ ಇಲ್ಲ. ಆದರೂ ಕೋಶಗಳು ಹೊತ್ತಿಗೆ ಸರಿಯಾಗಿ ಒಡೆಯುತ್ತಲೇ ಹೋಗುತ್ತವೆ! ಹೊರಗಿಂದ ನೋಡಿದರೆ ಏನೂ ಗೊತ್ತಾಗದು. ಡಿಎನ್‌ಎಗೆ ಬಣ್ಣ ಹಾಕಿ ನೋಡಿದಾಗ ಹೆಚ್ಚಿನ ಕೋಶಗಳು ಖಾಲಿ. ಕೋಶ ಒಡೆಯಲು ಒಳಗೆ ಡಿಎನ್‌ಎ ಇರಲೇಬೇಕೆಂದಿಲ್ಲ ಅನ್ನುವುದು ನನಗೆ ಇವತ್ತಿಗೂ ಬೆರಗು.

ಮೊಟ್ಟೆ ಫಲಿತವಾಗಿ ಸುಮಾರು ಮೂರು ಗಂಟೆಯಾದಾಗ, ಹತ್ತನೇ ವಿಭಜನೆಯ ಹೊತ್ತಿಗೆ, ಲಯ ಬದಲಾಗುತ್ತದೆ. ಕೋಶಗಳು ಚಿಕ್ಕದಾಗಿವೆ, ಡಿಎನ್‌ಎ ಮಾತ್ರ ಜಾಸ್ತಿಯಾಗುತ್ತಲೇ ಬಂದಿದೆ. ವಿಭಜನೆ ನಿಧಾನವಾಗುತ್ತದೆ, ಕೋಶಗಳು ಒಟ್ಟಿಗೇ ಒಡೆಯುವುದು ತಪ್ಪುತ್ತದೆ. ಭ್ರೂಣದ ಜೀನ್‌ಗಳು ದೊಡ್ಡ ಪ್ರಮಾಣದಲ್ಲಿ ಎಚ್ಚರವಾಗುತ್ತವೆ. ಅವುಗಳನ್ನು ಎಬ್ಬಿಸುವ ನ್ಯಾನೋಗ್‌ನಂಥ ಪ್ರೋಟೀನ್‌ಗಳೂ ತಾಯಿ ಕೊಟ್ಟವೇ. ಎಚ್ಚೆತ್ತ ಭ್ರೂಣ ಮಿರ್-430 ಎಂಬ ಪುಟ್ಟ ಆರ್‌ಎನ್‌ಎ ತಯಾರಿಸಿ, ತಾಯಿಯ ಹಳೆಯ ಆರ್‌ಎನ್‌ಎಗಳಲ್ಲಿ ನೂರಾರನ್ನು ಅಳಿಸಿಹಾಕುತ್ತದೆ.

ಹಾಗಾಗಿ ಭ್ರೂಣದಲ್ಲಿ ಒಂದು ಜೀನ್ ಕೆಡಿಸಿ, ಮೊದಲ ಮೂರು ಗಂಟೆ ಏನೂ ಆಗಲಿಲ್ಲವೆಂದು ಆ ಜೀನ್‌ಗೆ ಕೆಲಸವಿಲ್ಲ ಅನ್ನಬೇಡಿ. ಅದೇ ಮ್ಯುಟೇಶನ್ ಇರುವ ತಾಯಿಯ ಮೊಟ್ಟೆ ಬೇಕು. ಅಂಥ ಮೀನು ದೊಡ್ಡದಾಗುವ ಮೊದಲೇ ಸಾಯುತ್ತದೆಯೇ? ಅದರ ಭ್ರೂಣದಿಂದ ಮೊಟ್ಟೆಯಾಗುವ ಮೂಲಕೋಶಗಳನ್ನು ತೆಗೆದು, ಸ್ವಂತ ಮೂಲಕೋಶ ಬೆಳೆಯದಂತೆ ಮಾಡಿದ ಆರೋಗ್ಯವಂತ ಭ್ರೂಣಕ್ಕೆ ಸೇರಿಸಬಹುದು. ಅದು ಬೆಳೆದು ಹೆಣ್ಣಾದರೆ, ಇಡುವುದು ಆ ಮ್ಯುಟೇಶನ್ ಹೊತ್ತ ಮೊಟ್ಟೆಗಳನ್ನೇ.