ಹೈಪರೆಕ್‌ಪ್ಲೆಕ್ಸಿಯಾ: ಬೆಚ್ಚಿದ ಮೈ ಸಡಿಲವಾಗದ ಕಾಯಿಲೆ

ಹಸುಗೂಸಿನ ಮೂಗಿನ ತುದಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಮಾನ್ಯವಾಗಿ ಮಗು ಕಣ್ಣು ಮಿಟುಕಿಸಿ ಸುಮ್ಮನಾಗುತ್ತದೆ. ಕೆಲವು ಮಕ್ಕಳು ಮಾತ್ರ ತಲೆಯನ್ನು ಹಿಂದಕ್ಕೆ ಜಗ್ಗಿ ಬೆಚ್ಚಿಬೀಳುತ್ತವೆ. ಮತ್ತೆ ತಟ್ಟಿದರೆ ಮತ್ತೆ ಅಷ್ಟೇ ಜೋರು, ರೂಢಿಯೇ ಆಗುವುದಿಲ್ಲ. ಎಚ್ಚರವಿರುವಾಗ ಮೈಯೆಲ್ಲ ಸೆಟೆದುಕೊಂಡಿರುತ್ತದೆ. ನಿದ್ದೆ ಹತ್ತಿದರೆ ಸಡಿಲವಾಗುತ್ತದೆ. ಹುಟ್ಟಿನಿಂದಲೇ ಬರುವ ಈ ಅಪರೂಪದ ಆನುವಂಶಿಕ ಕಾಯಿಲೆಯೇ ಹೈಪರೆಕ್‌ಪ್ಲೆಕ್ಸಿಯಾ.

ಬೆಚ್ಚುವುದು ಎಲ್ಲರಿಗೂ ಇದ್ದದ್ದೇ ಅಲ್ವಾ? ಈ ಮಕ್ಕಳಲ್ಲಿ ಅದನ್ನು ಹಿಡಿತದಲ್ಲಿಡುವ ತಡೆ ಕೆಟ್ಟಿರುತ್ತದೆ. ಮೊಣಕೈ ಮಡಿಸುವಾಗ ತೋಳಿನ ಮುಂದಿನ ಸ್ನಾಯು ಬಿಗಿಯಾಗುತ್ತದೆ, ಹಿಂದಿನದು ಸಡಿಲ ಬಿಡಬೇಕು. ಹಾಗೆ ಬಿಡಿಸುವುದು ಬೆನ್ನುಹುರಿಯೊಳಗಿನ ಪುಟ್ಟ ತಡೆಯ ನರಕೋಶಗಳು. ಅವು ಗ್ಲೈಸಿನ್ ಎಂಬ ರಾಸಾಯನಿಕವನ್ನು ಸೂಸುತ್ತವೆ. ಸ್ನಾಯುವನ್ನು ಆಡಿಸುವ ನರಕೋಶದ ಗ್ರಾಹಕಕ್ಕೆ, ಅಂದರೆ ರಾಸಾಯನಿಕವನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ, ಅದು ಅಂಟಿಕೊಂಡರೆ ಕ್ಲೋರೈಡ್ ಎಂಬ ಋಣ ವಿದ್ಯುದಂಶದ ಕಣಗಳು ಒಳಗೆ ನುಗ್ಗಿ, ಆ ಕೋಶದ ಅಬ್ಬರ ಅಡಗುತ್ತದೆ. ಸ್ನಾಯುಗಳಲ್ಲಿ ಸದಾ ಇರುವ ಹದವಾದ ಬಿಗಿ, ಅಂದರೆ ಟೋನ್, ಉಳಿಯಲು ಈ ತಡೆ ಬೇಕೇ ಬೇಕು. ಅದು ತಪ್ಪಿದರೆ ಮುಂದಿನ, ಹಿಂದಿನ ಸ್ನಾಯುಗಳೆರಡೂ ಒಟ್ಟಿಗೇ ಬಿಗಿದುಕೊಳ್ಳುತ್ತವೆ.

ನಮ್ಮ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ವಿಷವಿದೆ. ಅದು ಮುಚ್ಚಿಹಾಕುವುದೂ ಇದೇ ಗ್ರಾಹಕವನ್ನು. ವಿಷ ಏರಿದವರು ಸಣ್ಣ ಸದ್ದಿಗೂ ಬಿಲ್ಲಿನಂತೆ ಸೆಟೆಯುತ್ತಾರೆ, ಅದೂ ಪ್ರಜ್ಞೆ ಇರುವಾಗಲೇ. ಹೈಪರೆಕ್‌ಪ್ಲೆಕ್ಸಿಯಾದಲ್ಲಿ ಆ ಕೆಲಸವನ್ನು ವಿಷದ ಬದಲು ಕೆಟ್ಟ ಜೀನ್ ಮಾಡುತ್ತದೆ. ಗ್ರಾಹಕವನ್ನು ಕಟ್ಟುವ ಜಿಎಲ್‌ಆರ್‌ಎ1 ಜೀನ್‌ನಲ್ಲಿ ದೋಷವಿರುವುದು 1993ರಲ್ಲಿ ಗೊತ್ತಾಯಿತು. ಬಿಟ್ಟ ಗ್ಲೈಸಿನ್ ಅನ್ನು ಮರಳಿ ಕೋಶದೊಳಕ್ಕೆ ಎಳೆದುಕೊಳ್ಳುವ ಪ್ರೋಟೀನು ಕೆಟ್ಟರೂ ಇದೇ ಪಾಡು, ದಾಸ್ತಾನು ಬರಿದಾಗುತ್ತದೆ.

ಇದನ್ನು ಫಿಟ್ಸ್ ಎಂದುಕೊಳ್ಳುವುದು ಸುಲಭ. ನಡೆಯಲು ಕಲಿತ ಮೇಲೆ, ಏನಾದರೂ ಸದ್ದಾದರೆ ಮಗು ಕೊರಡಿನಂತೆ ಬೀಳುತ್ತದೆ. ಪೂರ್ತಿ ಎಚ್ಚರವಿದ್ದರೂ ಕೈ ಮುಂದೆ ಊರಲು ಆಗುವುದಿಲ್ಲ. ಎಷ್ಟೋ ಗಾಯಗಳಾಗುವುದು ಹೀಗೆಯೇ.

ಕೂಸುಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. ಸೆಟೆತ ಜೋರಾದರೆ ಉಸಿರೇ ನಿಲ್ಲಬಹುದು. ಆಗ ಮಗುವಿನ ತಲೆ ಮತ್ತು ಕಾಲುಗಳನ್ನು ಹೊಟ್ಟೆಯ ಕಡೆಗೆ ಬಗ್ಗಿಸಿ ಹಿಡಿದರೆ ಸೆಟೆತ ಬಿಡುತ್ತದೆ. ಇಟಲಿಯ ವೈದ್ಯ ವಿಜೆವಾನೋ ತಿಳಿಸಿಕೊಟ್ಟ ಉಪಾಯವಿದು. ಆಸ್ಪತ್ರೆಯಿಂದ ಹೊರಡುವ ಮೊದಲೇ ಅಪ್ಪ ಅಮ್ಮ ಇದನ್ನು ವೈದ್ಯರ ಎದುರಲ್ಲಿ ಮಾಡಿ ಕಲಿತಿರಬೇಕು. ಔಷಧಿಗಳಲ್ಲಿ ಮೊದಲ ಆಯ್ಕೆ ಕ್ಲೋನಾಜೆಪಾಮ್. ಅದು ಗಾಬಾ ಎಂಬ ಇನ್ನೊಂದು ತಡೆಯ ದಾರಿಗೆ ಬಲ ಕೊಡುತ್ತದೆ. ಮೊದಲ ವರ್ಷದಲ್ಲಿ ಮೈಬಿಗಿ ಸಾಮಾನ್ಯವಾಗಿ ಕಡಿಮೆಯಾಗುತ್ತಾ ಬರುತ್ತದೆ. ಬೆಚ್ಚಿಬೀಳುವುದು ಮಾತ್ರ ದೊಡ್ಡವರಾದ ಮೇಲೂ ಉಳಿಯಬಹುದು.