ಮಂಡಿ ನೋವು, ಬಿಸಿಲೂ ಆಗದು: ಮೆಟಲ್ ಡಿಟೆಕ್ಟಿಂಗ್ ಶುರು ಮಾಡಬಹುದೇ?

ಓದುಗರ ಪ್ರಶ್ನೆ: ನನಗೆ ಅರವತ್ತರ ಹತ್ತಿರ ವಯಸ್ಸು. ಮಂಡಿ ಸವೆದಿದೆ ಎಂದಿದ್ದಾರೆ, ಬಲಭುಜ ಆಗಾಗ ಹಿಡಿದುಕೊಳ್ಳುತ್ತದೆ, ಬಿಸಿಲಲ್ಲಿ ಅರ್ಧ ಗಂಟೆ ನಿಂತರೆ ತಲೆ ಸುತ್ತುತ್ತದೆ. ಮೆಟಲ್ ಡಿಟೆಕ್ಟರ್ ಹಿಡಿದು ನೆಲದಲ್ಲಿ ಹಳೆಯ ನಾಣ್ಯ, ಉಂಗುರ ಹುಡುಕುವ ಆಸೆ ಬಹಳ ದಿನದಿಂದ ಇದೆ. ಈ ದೇಹಕ್ಕೆ ಅದು ಆಗುವ ಕೆಲಸವೇ? ಎಂಥ ಯಂತ್ರ ಕೊಳ್ಳಬೇಕು?

ಉತ್ತರ: ಆಗುವ ಕೆಲಸವೇ. ಆದರೆ ತಲೆಸುತ್ತಿನ ವಿಷಯ ಮೊದಲು ವೈದ್ಯರಿಗೆ ಹೇಳಿ. ಅದು ಬಿಸಿಲಿನಿಂದಲೋ, ರಕ್ತದೊತ್ತಡದ ಮಾತ್ರೆಯಿಂದಲೋ ಎಂದು ಗೊತ್ತಾಗದೆ ಬಯಲಿಗೆ ಇಳಿಯಬೇಡಿ. ಉಳಿದದ್ದಕ್ಕೆಲ್ಲ ದಾರಿ ಇದೆ.

ಈ ಹವ್ಯಾಸದಲ್ಲಿ ಜನರನ್ನು ದಣಿಸುವುದು ನಡಿಗೆ ಅಲ್ಲ. ಗಂಟೆಗಟ್ಟಲೆ ಹುಡುಕಿದರೂ ನಡೆಯುವ ದೂರ ಅಷ್ಟಕ್ಕಷ್ಟೆ. ದಣಿಸುವುದು ಎರಡು: ಕೋಲಿನ ತುದಿಯಲ್ಲಿ ತೂಗುವ ಕಾಯಿಲ್ (ಲೋಹ ಪತ್ತೆಹಚ್ಚುವ, ತಂತಿ ಸುತ್ತಿದ ತಟ್ಟೆ), ಮತ್ತು ಗುಂಡಿಗೊಮ್ಮೆ ಕೂತು ಏಳುವುದು. ಹಾಗಾಗಿ ಎಷ್ಟು ಗಂಟೆ ಹುಡುಕಿದೆ ಎನ್ನುವ ಲೆಕ್ಕ ಬಿಟ್ಟು, ಎಷ್ಟು ಗುಂಡಿ ತೋಡಿದೆ ಎನ್ನುವ ಲೆಕ್ಕ ಇಡಿ. ಯಂತ್ರದ ಆಯ್ಕೆಯೂ ಹೊತ್ತಿನ ಆಯ್ಕೆಯೂ ಅದರಿಂದಲೇ ತೀರ್ಮಾನವಾಗುತ್ತವೆ.

ತೂಕ ಎಷ್ಟು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ

ಎರಡನೇ ಮಹಾಯುದ್ಧದಲ್ಲಿ ನೆಲಬಾಂಬ್ ಹುಡುಕಲು ಬಳಸಿದ ಪೋಲಿಷ್ ಡಿಟೆಕ್ಟರ್ ಹತ್ತಿರ ಹತ್ತಿರ 14 ಕೆ.ಜಿ. ತೂಗುತ್ತಿತ್ತು. ಈಗಿನ ಹವ್ಯಾಸಿ ಯಂತ್ರಗಳು ಬಹುಪಾಲು 1ರಿಂದ 1.5 ಕೆ.ಜಿ. ಒಳಗಿವೆ. ಇಷ್ಟಾದರೂ ಅರ್ಧ ಗಂಟೆಗೆ ಮಣಿಕಟ್ಟು, ಮೊಣಕೈ ಸೋಲುತ್ತವೆ. ಕಾರಣ ಸನ್ನೆಕೋಲಿನ ಲೆಕ್ಕ.

ಯಂತ್ರದ ಹಿಡಿ ನಿಮ್ಮ ಮುಷ್ಟಿಯಲ್ಲಿ ಇರುತ್ತದೆ. ಕಾಯಿಲ್ ಅದಕ್ಕಿಂತ ಸುಮಾರು 80 ಸೆಂ.ಮೀ. ಮುಂದೆ, ಮುಂಗೈ ಕೂರುವ ತೋಳಾಸರೆ ಸುಮಾರು 30 ಸೆಂ.ಮೀ. ಹಿಂದೆ. ಕಾಯಿಲ್ 500 ಗ್ರಾಂ ಇದ್ದರೆ ಅದನ್ನು ನೆಲಕ್ಕೆ ಬೀಳದಂತೆ ತಡೆಯಲು ಮುಂಗೈ ತೋಳಾಸರೆಯನ್ನು 1.3 ಕೆ.ಜಿ.ಯಷ್ಟು ಬಲದಿಂದ ಒತ್ತಿಕೊಂಡೇ ಇರಬೇಕು. ಈಗ ಮುಂದಿನ ತುದಿಯಲ್ಲಿ 200 ಗ್ರಾಂ ಕಡಿಮೆ ಮಾಡಿ ನೋಡಿ: ಹಾಗೆ ಮಾಡದೆ ಅಷ್ಟೇ ಹಗುರ ಅನ್ನಿಸಬೇಕಾದರೆ ಹಿಂದಿನ ತುದಿಗೆ 530 ಗ್ರಾಂ ಕಟ್ಟಬೇಕಾಗುತ್ತದೆ. ಆದ್ದರಿಂದ ಮೊದಲ ಖರ್ಚು ಚಿಕ್ಕ ಕಾಯಿಲ್ ಮೇಲೆ ಇರಲಿ. 28 ಸೆಂ.ಮೀ. ಕಾಯಿಲ್ ಬದಲು 15ರಿಂದ 23 ಸೆಂ.ಮೀ. ಅಗಲದ್ದು ಸಾಕು. ಆಳ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ 25 ಸೆಂ.ಮೀ. ಆಳದ ನಾಣ್ಯಕ್ಕೆ ಗುಂಡಿ ತೋಡುವ ಮಂಡಿ ನಿಮ್ಮದಲ್ಲವಲ್ಲ. ಜಾಹೀರಾತು ಕೂಗುವ ಆಳ ನಿಮಗೆ ಬೇಕಾಗಿಲ್ಲ.

ಹಿಂಬದಿಗೆ ತೂಕ ಕಟ್ಟುವ ಉಪಾಯ ಹಲವರು ಹೇಳುತ್ತಾರೆ. ಮಣಿಕಟ್ಟು, ಮೊಣಕೈ ನೋವಿಗೆ ಅದು ಒಳ್ಳೆಯದೇ. ಭುಜದ ನೋವಿಗೆ ಮಾತ್ರ ತಿರುಗುಬಾಣ, ಏಕೆಂದರೆ ಒಟ್ಟು ತೂಕ ಹೊರುವುದು ಭುಜವೇ. ನಿಮ್ಮ ತೊಂದರೆ ಭುಜದ್ದು, ಹಾಗಾಗಿ ಎಲಾಸ್ಟಿಕ್ ಹಗ್ಗ ಇರುವ ಹೆಗಲಪಟ್ಟಿ (ಹಾರ್ನೆಸ್) ಕೊಳ್ಳಿ. ಅದು ಎರಡೂ ಹೆಗಲ ಮೇಲೆ ಕೂತು, ಯಂತ್ರವನ್ನು ತೂಗುಹಾಕಿ, ಭಾರವನ್ನು ಬೆನ್ನಿಗೂ ಸೊಂಟಕ್ಕೂ ಹಂಚುತ್ತದೆ. ಹಗ್ಗದ ಬಿಗಿ ಎಷ್ಟಿರಬೇಕೆಂದರೆ, ಕೈ ಬಿಟ್ಟರೂ ಕಾಯಿಲ್ ನೆಲದಿಂದ 3ರಿಂದ 5 ಸೆಂ.ಮೀ. ಮೇಲೆ ತೇಲಬೇಕು. ಹೆಚ್ಚು ಬಿಗಿದರೆ ಕಾಯಿಲ್ ಕೆಳಗೆ ಒತ್ತಲೇ ಬಲ ಬೇಕಾಗಿ ಮತ್ತೆ ಅದೇ ಭುಜ ನೋಯುತ್ತದೆ.

ಕೋಲಿನ ಉದ್ದವನ್ನೂ ಸರಿಮಾಡಿಕೊಳ್ಳಿ. ನೆಟ್ಟಗೆ ನಿಂತು, ಭುಜ ಸಡಿಲ ಬಿಟ್ಟಾಗ ಕಾಯಿಲ್ ಕಾಲ್ಬೆರಳಿಗಿಂತ ಒಂದಡಿ ಮುಂದೆ ನೆಲಕ್ಕೆ ಸಮನಾಗಿ ಇರಬೇಕು. ಕೋಲು ಗಿಡ್ಡವಾದರೆ ಬೆನ್ನು ಬಾಗುತ್ತದೆ, ಉದ್ದವಾದರೆ ಸನ್ನೆಕೋಲಿನ ಲೆಕ್ಕ ಇನ್ನಷ್ಟು ಕೆಡುತ್ತದೆ. ಹಿಡಿಯನ್ನು ಮುಷ್ಟಿ ಬಿಗಿದು ಹಿಡಿಯಬೇಡಿ; ಮೊಣಕೈ ಹೊರಬದಿಯ ನೋವು ಶುರುವಾಗುವುದೇ ಅಲ್ಲಿಂದ. 15 ನಿಮಿಷಕ್ಕೊಮ್ಮೆ ಕೈ ಬದಲಿಸಿ. ಎಡಗೈಯಲ್ಲಿ ಮೊದಲ ಎರಡು ವಾರ ಕಾಯಿಲ್ ಓಲಾಡುತ್ತದೆ, ಆಮೇಲೆ ಹಿಡಿತಕ್ಕೆ ಬರುತ್ತದೆ.

ಬೀಸುವ ಅಗಲ ಒಂದು ಮೀಟರ್ ದಾಟಬಾರದು. ಒಂದು ಬದಿಯಿಂದ ಇನ್ನೊಂದಕ್ಕೆ ಒಂದೂವರೆ ಸೆಕೆಂಡ್ ತೆಗೆದುಕೊಳ್ಳಿ. ಕಸ ತುಂಬಿದ ಜಾಗದಲ್ಲಿ ಇನ್ನೂ ನಿಧಾನವಾಗಲಿ. ನೋಯುವ ಭುಜದವರು ಈ ಒಂದು ವಿಷಯದಲ್ಲಿ ಗಟ್ಟಿಮುಟ್ಟಾದವರಿಗಿಂತ ಮುಂದೆ: ಜೋರಾಗಿ ಬೀಸಿದಾಗ ಮೊಳೆಯ ಸದ್ದಿನಲ್ಲಿ ಪಕ್ಕದ ನಾಣ್ಯದ ಸದ್ದು ಮುಚ್ಚಿಹೋಗುತ್ತದೆ.

ಯಾವುದನ್ನು ತೋಡಬೇಕು, ಯಾವುದನ್ನು ಬಿಡಬೇಕು

ಕಾಯಿಲ್ ಕಳಿಸುವ ಕಾಂತಕ್ಷೇತ್ರ ಲೋಹದಲ್ಲಿ ಸಣ್ಣ ಸುಳಿ ವಿದ್ಯುತ್ ಹುಟ್ಟಿಸುತ್ತದೆ. ಆ ವಿದ್ಯುತ್ತಿನ ಮಾರ್ದನಿಯನ್ನು ಯಂತ್ರ ಅಂಕಿಯಾಗಿ ತೋರಿಸುತ್ತದೆ, ಬಹಳ ಯಂತ್ರಗಳಲ್ಲಿ 0ಯಿಂದ 99ರವರೆಗೆ. ಕಬ್ಬಿಣ ಕೆಳಗೆ, ಬೆಳ್ಳಿ ಮತ್ತು ದಪ್ಪ ತಾಮ್ರ ಮೇಲೆ. ಮಧ್ಯದಲ್ಲಿ ದೊಡ್ಡ ಗೊಂದಲ: ಚಿನ್ನದ ಉಂಗುರ, ಅಲ್ಯೂಮಿನಿಯಂ ಹಾಳೆ, ಪಾನೀಯದ ಡಬ್ಬಿ ತೆರೆಯಲು ಎಳೆಯುವ ಕಿವಿ, ಇವುಗಳ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ಯಾವ ಯಂತ್ರವೂ ಇದನ್ನು ಬಿಡಿಸಿಕೊಟ್ಟಿಲ್ಲ.

ಎಲ್ಲವನ್ನೂ ತೋಡಿ ಎಂಬುದು ಹಳಬರ ಬುದ್ಧಿಮಾತು. ನಿಮಗೆ ಅದು ಬೇಡ. ಎರಡೂ ದಿಕ್ಕಿನಿಂದ ಬೀಸಿದಾಗ ಒಂದೇ ಅಂಕಿ ಬರಬೇಕು, ಸುತ್ತ 90 ಡಿಗ್ರಿ ತಿರುಗಿ ಬೀಸಿದರೂ ಅದು ಎರಡು ಮೂರು ಅಂಕಿಗಿಂತ ಹೆಚ್ಚು ಜಾರಬಾರದು, ಆಳ 12 ಸೆಂ.ಮೀ. ಒಳಗೆ ತೋರಿಸಬೇಕು. ಈ ಮೂರೂ ಸೇರಿದರೆ ಮಾತ್ರ ಸಲಿಕೆ ಎತ್ತಿ. ಹೀಗೆ ಆರಿಸಿದರೆ ಕೆಲವು ಚಿನ್ನದ ಉಂಗುರ ಕೈತಪ್ಪುವುದು ಖಂಡಿತ. ಮಂಡಿ ಉಳಿದರೆ ಮುಂದಿನ ವಾರವೂ ಹೋಗಬಹುದು.

ಕೂರದೆ ತೋಡುವುದು

ಕಾಲಿಟ್ಟು ಒತ್ತಲು ಅಂಚು ಇರುವ, ಮೀಟರ್ ಉದ್ದದ ಕಿರಿದಾದ ಸಲಿಕೆ ತೆಗೆದುಕೊಳ್ಳಿ. ಒಂದು ಗೇಣು ಅಗಲಕ್ಕೆ ಮೂರು ಬದಿ ಕತ್ತರಿಸಿ, ನಾಲ್ಕನೆಯ ಬದಿಯನ್ನು ಬಾಗಿಲಿನ ಹಿಂಜಿನಂತೆ ಉಳಿಸಿ, ಹುಲ್ಲಿನ ಹೆಂಟೆಯನ್ನು ಮಗುಚಿ. ಆ ಬದಿಯ ಬೇರು ಕಡಿಯದ ಕಾರಣ ಮುಚ್ಚಿದ ಮೇಲೆ ಹುಲ್ಲು ಸುಲಭವಾಗಿ ಒಣಗುವುದಿಲ್ಲ. ಸಡಿಲ ಮಣ್ಣು ಒಂದು ಬಟ್ಟೆಯ ಮೇಲೆ ಬೀಳಲಿ. ಮತ್ತೆ ತುಂಬಲು ಬಟ್ಟೆಯ ಎರಡು ತುದಿ ಎತ್ತಿದರೆ ಸಾಕು. ಆಮೇಲೆ ಪಿನ್‌ಪಾಯಿಂಟರ್, ಅಂದರೆ ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್. ನಾಣ್ಯವನ್ನು ಅದು ಕೆಲವೇ ಸೆಂಟಿಮೀಟರ್ ದೂರದಿಂದ ಹಿಡಿಯುತ್ತದೆ, ಮಣ್ಣನ್ನು ಬೆರಳಲ್ಲಿ ಜಾಲಾಡುವ ಐದು ನಿಮಿಷ ಒಂದಕ್ಕೆ ಇಳಿಯುತ್ತದೆ. ಅದನ್ನು ಪ್ಲಾಸ್ಟಿಕ್ ಕೊಳವೆಯ ತುದಿಗೆ ಕಟ್ಟಿಕೊಂಡರೆ ನಿಂತೇ ಗುಂಡಿಯೊಳಗೆ ಇಳಿಸಬಹುದು. ಕಂಪಿಸುವ ಮಾದರಿ ಕಟ್ಟಿದರೆ ಕಂಪನ ಕೈಗೆ ತಲುಪುವುದಿಲ್ಲ, ಇದಕ್ಕೆ ಸದ್ದಿನದೇ ಬೇಕು.

ಮಂಡಿಯೂರಲೇಬೇಕಾದರೆ ತೋಟದ ಕೆಲಸಕ್ಕೆ ಬರುವ, ಎರಡೂ ಬದಿ ಹಿಡಿಕೆ ಇರುವ ಮಂಡಿ ಪೀಠ ಒಯ್ಯಿರಿ. ಏಳುವಾಗ ಭಾರ ಕೈಗೆ ಬೀಳುತ್ತದೆ. ಕೃತಕ ಮಂಡಿ ಜೋಡಿಸಿಕೊಂಡವರು ಊರುವ ಮುನ್ನ ತಮ್ಮ ವೈದ್ಯರನ್ನು ಕೇಳಲಿ.

ಇನ್ನೊಂದು, ಹೊಸಬರು ಎಡವುವ ಜಾಗ. ಮಂಡಿಪಟ್ಟಿಯ ಲೋಹದ ಕೀಲು, ಅಲ್ಯೂಮಿನಿಯಂ ಊರುಗೋಲು, ಉಕ್ಕಿನ ಮೂತಿಯ ಬೂಟು, ಇವೆಲ್ಲ ಕಾಯಿಲ್ ಹತ್ತಿರ ಬಂದಾಗ ಸದ್ದು ಮಾಡುತ್ತವೆ, ಯಂತ್ರ ಕೆಟ್ಟಿದೆ ಅನ್ನಿಸುತ್ತದೆ. 1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಗುಂಡು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂದ ಉಪಕರಣ ಸೋತದ್ದಕ್ಕೂ ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗ್‌ಗಳನ್ನೇ ದೂರುತ್ತಾರೆ. ಊರುಗೋಲು ಮರದ್ದಾಗಿರಲಿ.

ಮರಳು ದಂಡೆ ಮಂಡಿಗೆ ಎಲ್ಲಕ್ಕಿಂತ ಮೃದು. ಉದ್ದ ಹಿಡಿಯ, ತೂತುಗಳಿರುವ ಮರಳು ಮೊಗೆಯುವ ಸಾಧನ ಇದ್ದರೆ ಬಾಗುವುದೇ ಬೇಡ. ಆದರೆ ಉಪ್ಪುನೀರು ನೆನೆದ ಮರಳು ತಾನೇ ವಿದ್ಯುತ್ ಹರಿಸುತ್ತದೆ, ಒಂದೇ ಆವರ್ತನದ ಯಂತ್ರ ಅಲ್ಲಿ ಸುಮ್ಮನೆ ಚಿಲಿಪಿಲಿ ಅನ್ನುತ್ತದೆ. ಸಮುದ್ರ ತೀರವೇ ನಿಮ್ಮ ಗುರಿಯಾದರೆ ಬಹು ಆವರ್ತನದ ಯಂತ್ರ ಕೊಳ್ಳಿ.

ಬಿಸಿಲು, ಮಳೆ, ಗುಡುಗು, ಚಳಿ

ಸೂರ್ಯೋದಯದ ನಂತರದ ಎರಡು ಗಂಟೆ ನಿಮ್ಮದು. 15-20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 200 ಮಿ.ಲೀ. ನೀರು ಕುಡಿಯಿರಿ, ಬಾಯಾರುವವರೆಗೆ ಕಾಯಬೇಡಿ. ಹೃದಯ, ಮೂತ್ರಪಿಂಡದ ತೊಂದರೆಗೆ ನೀರು ಮಿತಿ ಹೇಳಿಸಿಕೊಂಡವರಿಗೆ ಈ ಅಳತೆ ಅನ್ವಯಿಸದು. ಮೂತ್ರ ಹೆಚ್ಚಿಸುವ ಮಾತ್ರೆ, ಬೀಟಾ ಬ್ಲಾಕರ್ (ಹೃದಯ, ರಕ್ತದೊತ್ತಡಕ್ಕೆ ಕೊಡುವ ಮಾತ್ರೆ), ಕೆಲವು ಅಲರ್ಜಿ ಮಾತ್ರೆ ತೆಗೆದುಕೊಳ್ಳುವವರ ದೇಹ ಬಿಸಿಲನ್ನು ಬೇರೆಯವರಂತೆ ತಾಳುವುದಿಲ್ಲ. ಗುಂಡಿಯ ಮೇಲೆ ಬಾಗಿದ್ದು ಒಮ್ಮೆಲೇ ಎದ್ದಾಗ ಕಣ್ಣು ಕತ್ತಲಾಗುವುದು ಇವರಿಗೇ ಹೆಚ್ಚು. ಎದ್ದ ಮೇಲೆ ಸಲಿಕೆಗೆ ಆನಿಸಿ ಹತ್ತು ಎಣಿಸಿ, ಆಮೇಲೆ ಹೆಜ್ಜೆ ಇಡಿ.

ಮಳೆ ನಿಂತ ಮಾರನೆಯ ದಿನ ನಿಮ್ಮ ಹಬ್ಬ. ತೇವದ ನೆಲದಲ್ಲಿ ಸದ್ದು ಸ್ಪಷ್ಟ, ಸಲಿಕೆ ಅರ್ಧ ಬಲಕ್ಕೆ ಇಳಿಯುತ್ತದೆ, ದೂಳಿಲ್ಲದ ಕಾರಣ ಉಬ್ಬಸದವರಿಗೂ ನೆಮ್ಮದಿ. ನೆಲದ ತೇವ ಬದಲಾದಾಗಲೆಲ್ಲ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಖನಿಜಕ್ಕೆ ಯಂತ್ರ ಕೂಗದಂತೆ ಹೊಂದಿಸುವುದನ್ನು, ಹೊಸದಾಗಿ ಮಾಡಿ: ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು 30 ಸೆಂ.ಮೀ.ಯಿಂದ 3 ಸೆಂ.ಮೀ.ವರೆಗೆ ಮೇಲೆ ಕೆಳಗೆ ಆಡಿಸಿ, ಸದ್ದು ಅಡಗುವವರೆಗೆ. ಕಾಯಿಲ್ ಕವರ್ ಒಳಗೆ ನುಗ್ಗಿದ ಕೆಸರನ್ನು ಆಗಾಗ ತೊಳೆಯಿರಿ. ಅದು ಮುಂದಿನ ತುದಿಗೇ ಭಾರ ಸೇರಿಸುತ್ತದೆ, ಕಬ್ಬಿಣದ ಅಂಶವಿದ್ದರೆ ಸುಳ್ಳು ಸದ್ದೂ ಬರುತ್ತದೆ. ಕಾಯಿಲ್‌ಗೆ ನೀರು ತಾಗಿದರೆ ತೊಂದರೆ ಇಲ್ಲ ಎಂದಾಕ್ಷಣ ಇಡೀ ಯಂತ್ರಕ್ಕೂ ಇಲ್ಲವೆಂದಲ್ಲ; ಪರದೆ ಇರುವ ಪೆಟ್ಟಿಗೆಗೆ ಬೇರೆಯೇ ಹೊದಿಕೆ ಬೇಕಾಗಬಹುದು.

ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ. ಬಯಲಲ್ಲಿ ಎತ್ತರದ ವಸ್ತು ನೀವೇ. ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ.

ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಒಂದು ಜೊತೆ ಒಳಜೇಬಲ್ಲಿ ಬೆಚ್ಚಗಿರಲಿ. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ. ಹೆಪ್ಪುಗಟ್ಟಿದ ನೆಲ ತೋಡುವ ಯೋಚನೆಯನ್ನೇ ಬಿಡಿ.

ಪೇಸ್‌ಮೇಕರ್, ಮಧುಮೇಹ, ಕಿವಿ

ಪೇಸ್‌ಮೇಕರ್ ಇದ್ದವರಿಗೆ ಕಾಯಿಲ್ ಇರುವ ತುದಿಯನ್ನು ಎದೆಯಿಂದ ಕನಿಷ್ಠ 60 ಸೆಂ.ಮೀ. ದೂರ ಇಡಲು ಹೇಳುವುದುಂಟು. ನಿಂತು ಬೀಸುವಾಗ ಅಷ್ಟು ದೂರ ತಾನಾಗಿಯೇ ಇರುತ್ತದೆ. ಅಪಾಯ ಬೇರೆ ಕಡೆ: ಯಂತ್ರವನ್ನು ಹೆಗಲಿಗೆ ಒರಗಿಸಿಕೊಳ್ಳುವುದು, ಪಿನ್‌ಪಾಯಿಂಟರನ್ನು ಅಂಗಿ ಜೇಬಿಗೆ ಹಾಕುವುದು, ಹೆಡ್‌ಫೋನನ್ನು ಕುತ್ತಿಗೆಗೆ ಇಳಿಬಿಡುವುದು. ಹೆಡ್‌ಫೋನ್ ಒಳಗೆ ಅಯಸ್ಕಾಂತ ಇದೆ, ಅದು 15 ಸೆಂ.ಮೀ. ಆಚೆಗೇ ಇರಲಿ. ನಿಮ್ಮ ಸಾಧನದ ಮಾದರಿಗೆ ಎಷ್ಟು ದೂರ ಎಂದು ಅದನ್ನು ಜೋಡಿಸಿದ ಆಸ್ಪತ್ರೆಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಮಧುಮೇಹಿಗಳು ಮರಳಲ್ಲೂ ಬರಿಗಾಲಲ್ಲಿ ನಡೆಯಬಾರದು. ಉಷ್ಣವಲಯದ ಮಣ್ಣಿನಲ್ಲಿರುವ, ಮೆಲಿಯಾಯ್ಡೋಸಿಸ್ ಎಂಬ ಗಂಭೀರ ಸೋಂಕು ತರುವ ಬ್ಯಾಕ್ಟೀರಿಯಾ ಇವರನ್ನೇ ಹೆಚ್ಚು ಕಾಡುತ್ತದೆ. ಜೋರು ಮಳೆಯ ಬೆನ್ನಿಗೇ ಕೆಸರು ತೋಡುವುದು ಬೇಡ, ಗಾಯವಿದ್ದರೆ ಅಂದು ಹೊರಡಲೇಬೇಡಿ. ರಬ್ಬರ್ ಲೇಪದ ಕೈಗವಸು ಹಾಕಿ. ಧನುರ್ವಾಯು ಲಸಿಕೆ ತೆಗೆದುಕೊಂಡು ಹತ್ತು ವರ್ಷ ಕಳೆದಿದ್ದರೆ ಅದನ್ನು ಮೊದಲು ಮುಗಿಸಿ, ಇದು ಎಲ್ಲರಿಗೂ.

ಕಿವಿ ಮಂದವಾದವರಿಗೆ ಸಾಮಾನ್ಯವಾಗಿ ಕೇಳದಿರುವುದು ಕೀಚಲು ದನಿ, ಬೆಳ್ಳಿಯ ಸದ್ದೂ ಕೀಚಲೇ. ದನಿಯ ಸ್ಥಾಯಿ ಇಳಿಸುವ ಸೌಲಭ್ಯ ಇರುವ ಯಂತ್ರ ನೋಡಿ. ಸದ್ದನ್ನೇ ಜೋರು ಮಾಡಿದರೆ ಉಳಿದ ಕಿವಿಯೂ ಹೋದೀತು.

ಒಂದು ಗಂಟೆಗೆ ಎಷ್ಟು ನೆಲ

28 ಸೆಂ.ಮೀ. ಕಾಯಿಲನ್ನು ಅರ್ಧರ್ಧ ಮೇಲೆ ಬೀಳುವಂತೆ ಬೀಸಿದರೆ ಪ್ರತಿ ಬೀಸಿಗೆ 14 ಸೆಂ.ಮೀ. ಮುಂದೆ ಸಾಗುತ್ತೀರಿ. ಮೀಟರ್ ಅಗಲ, ಒಂದೂವರೆ ಸೆಕೆಂಡ್ ಅಂದರೆ ನಿಮಿಷಕ್ಕೆ 5.6 ಚದರ ಮೀಟರ್. 12 ಮೀಟರ್ ಉದ್ದ, 12 ಮೀಟರ್ ಅಗಲದ ತುಂಡು ಸುಮಾರು 26 ನಿಮಿಷದಲ್ಲಿ ಮುಗಿಯುತ್ತದೆ. ಎಂಟು ಗುಂಡಿ, ತಲಾ ನಾಲ್ಕು ನಿಮಿಷ ಎಂದರೆ 32. ಒಟ್ಟು ಒಂದು ಗಂಟೆಗೆ ಎರಡು ನಿಮಿಷ ಕಡಿಮೆ. ಚಿಕ್ಕ ಕಾಯಿಲ್‌ಗೆ ತುಂಡು ಇನ್ನೂ ಚಿಕ್ಕದಾಗುತ್ತದೆ. ಮೊದಲ ತಿಂಗಳು ಗುಂಡಿ ಐದಕ್ಕೆ ನಿಲ್ಲಲಿ. ಮಾರನೆಯ ಬೆಳಿಗ್ಗೆ ಮಂಡಿ ಊದದಿದ್ದರೆ ವಾರಕ್ಕೊಂದು ಏರಿಸಿ. ತುಂಡಿನ ನಾಲ್ಕು ಮೂಲೆಗೆ ಗೂಟ ಹೊಡೆದುಕೊಂಡರೆ ಮುಂದಿನ ಸಲ ಎಲ್ಲಿಂದ ಎಂದು ಹುಡುಕಬೇಕಿಲ್ಲ. ನೆಲದ ಒಡೆಯರ ಒಪ್ಪಿಗೆ, ನೀವಿರುವ ದೇಶದ ಪುರಾತತ್ವ ಕಾನೂನು, ಇವೆರಡೂ ಗೂಟಕ್ಕಿಂತ ಮೊದಲು.

ಹೊರಗೆ ಹೋಗಲಾಗದ ದಿನಗಳಿಗೆ ಮನೆಯ ಹಿತ್ತಲಲ್ಲಿ ಪರೀಕ್ಷೆಯ ಪಾತಿ ಮಾಡಿಕೊಳ್ಳಿ. ಒಂದೇ ಬಗೆಯ ನಾಣ್ಯ 5, 10, 15 ಸೆಂ.ಮೀ. ಆಳದಲ್ಲಿ, ಒಂದು ಮೊಳೆ, ಒಂದು ಡಬ್ಬಿಯ ಕಿವಿ, ಒಂದಕ್ಕೊಂದು ಮುಕ್ಕಾಲು ಮೀಟರ್ ದೂರ. ಹೂಳುವ ಮುನ್ನ ಆ ಜಾಗದಲ್ಲಿ ಮೊದಲೇ ಇರುವ ಲೋಹವನ್ನೆಲ್ಲ ತೆಗೆಯಿರಿ. ಯಾವುದು ಎಲ್ಲಿದೆ ಎಂದು ಚೀಟಿಯಲ್ಲಿ ಬರೆದು, ದಿನಕ್ಕೆ ಹತ್ತು ನಿಮಿಷ ಪರದೆ ನೋಡದೆ ಸದ್ದಷ್ಟೇ ಕೇಳಿ. ಹೊಸದಾಗಿ ಹೂತ ನಾಣ್ಯ ಹಳೆಯದಕ್ಕಿಂತ ಮಂದವಾಗಿ ಕೇಳಿಸುವುದುಂಟು, ಅದರಿಂದ ಯಂತ್ರದ ಮೇಲೆ ಅನುಮಾನ ಪಡಬೇಡಿ. ಮನೆಯೊಳಗೆ ಮಾತ್ರ ಈ ಅಭ್ಯಾಸ ಬೇಡ: ನೆಲದ ಕಾಂಕ್ರೀಟಿನ ಕಂಬಿ, ಗೋಡೆಯ ವೈರು, ಎಲ್ಇಡಿ ದೀಪ ಎಲ್ಲವೂ ಯಂತ್ರವನ್ನು ಕೂಗಿಸುತ್ತವೆ.