ತೊಳೆಯದ ಜೀನ್ಸೂ ವಾಲ್ವ್ ಉಜ್ಜುವ ಪೇಸ್ಟೂ

ನನ್ನ ಅಕ್ಕನ ಮಗ ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಒಂದು ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಹೋದ ವರ್ಷ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಗೆಳೆಯನ ಕಡೆಯಿಂದ ಒಂದು ಪ್ಯಾಂಟು ತರಿಸಿಕೊಂಡ. ಹೊಲಿಗೆ ಮುಗಿದು ವಾಷಿಂಗ್ ಯೂನಿಟ್ಟಿಗೆ ಹೋಗುವ ಮೊದಲೇ ಎತ್ತಿಟ್ಟ ಪೀಸು. ಕಡುನೀಲಿ. ಗೋಡೆಗೆ ಒರಗಿಸಿದರೆ ಕಾಲು ಮಡಚದೆ ನಿಲ್ಲುವಷ್ಟು ಗಡಸು. ಮುಟ್ಟಿದರೆ ಬೆರಳೂ ನೀಲಿ. ಒಂದು ಸಲವೂ ನೀರು ಕಾಣದ ಇಂಥ ಬಟ್ಟೆಗೇ ರಾ ಡೆನಿಮ್ ಅನ್ನುವುದು.

"ಮಾಮ, ಇದನ್ನ ಆರು ತಿಂಗಳು ನೀರಿಗೆ ಹಾಕಬಾರ್ದಂತೆ" ಅಂದ. ಮೊಬೈಲಿನಲ್ಲಿ ನೋಡಿದ್ದಾನೆ. ಅಕ್ಕನಿಗೆ ಮೈಯೆಲ್ಲ ಉರಿ. "ಮನೆ ತುಂಬ ಡೀಸೆಲ್ ನಾತ. ನೀನಾದ್ರೂ ಹೇಳೋ ಇವನಿಗೆ" ಅಂತ ಪಂಚಾಯ್ತಿ ನನ್ನ ಮುಂದೆ ಇಟ್ಟಳು.

ಹುಡುಗ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಅದಕ್ಕೆ ಕಾರಣ ಆ ನೀಲಿಯ ಗುಣದಲ್ಲಿದೆ. ಇಂಡಿಗೋ ಅನ್ನುವ ಈ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಹೈಡ್ರೋಸ್ ಅನ್ನುವ ರಾಸಾಯನಿಕ ಮತ್ತು ಕಾಸ್ಟಿಕ್ ಸೋಡಾ ಹಾಕಿದರೆ ಮಾತ್ರ ಕರಗುತ್ತದೆ, ಆಗ ಅದರ ಬಣ್ಣ ಹಳದಿ ಹಸಿರು. ಅದರಲ್ಲಿ ಅದ್ದಿದ ನೂಲು ಹೊರಗೆ ಬರುವಾಗಲೂ ಹಸಿರಾಗಿಯೇ ಇರುತ್ತದೆ. ಗಾಳಿ ತಾಗಿದಂತೆ ನೋಡನೋಡುತ್ತಲೇ ನೀಲಿಗೆ ತಿರುಗುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತಲ್ಲ, ಅಲ್ಲೂ ಕೆಲಸ ಮಾಡುವುದು ಗಾಳಿಯ ಆಕ್ಸಿಜನ್ನೇ. ಹೀಗೆ ಅದ್ದುವುದು, ಗಾಳಿಗೆ ಹಿಡಿಯುವುದು, ಮತ್ತೆ ಅದ್ದುವುದು. ಒಂದರ ಮೇಲೊಂದು ಪದರ ಕೂರುತ್ತದೆಯೇ ಹೊರತು ಬಣ್ಣ ನೂಲಿನ ಹೊಟ್ಟೆಯೊಳಗೆ ಇಳಿಯುವುದಿಲ್ಲ. ಕೆಂಪು ಮೂಲಂಗಿ ಕತ್ತರಿಸಿ ನೋಡಿದ್ದೀರಲ್ಲ? ಸಿಪ್ಪೆ ಕೆಂಪು, ಒಳಗೆ ಬೆಳ್ಳಗೆ. ಡೆನಿಮ್ಮಿನ ನೂಲೂ ಹಾಗೇ. ಅದರಲ್ಲೂ ಉದ್ದಕ್ಕೆ ಬರುವ ಹಾಸಿನ ನೂಲಿಗೆ ಮಾತ್ರ ಬಣ್ಣ, ಅಡ್ಡಕ್ಕೆ ಬರುವ ಹೊಕ್ಕಿನ ನೂಲು ಬಿಳಿ. ಪ್ಯಾಂಟಿನ ಒಳಮೈ ಬೆಳ್ಳಗೆ ಕಾಣುವುದು ಅದಕ್ಕೇ.

ಇನ್ನು ಆ ಗಡಸುತನ ಗಂಜಿಯದು. ಮಗ್ಗದಲ್ಲಿ ಹಾಸಿನ ನೂಲು ಹರಿಯದಿರಲಿ ಅಂತ ಗಂಜಿ ಹಾಕಿರುತ್ತಾರೆ. ಅದು ಇರುವವರೆಗೂ ಮೊಣಕಾಲ ಹಿಂದೆ, ತೊಡೆಸಂದಿಯಲ್ಲಿ ಬಿದ್ದ ಮಡಿಕೆ ಅಲ್ಲೇ ಬೀಳುತ್ತಿರುತ್ತದೆ. ಬಣ್ಣ ಸವೆಯುವುದೂ ಆ ಗೆರೆಗಳಲ್ಲೇ. ಕೂರುವ, ಬಗ್ಗುವ ರೀತಿ ಒಬ್ಬೊಬ್ಬರದು ಒಂದೊಂದು, ಗೆರೆಗಳೂ ಒಂದೊಂದು. ಬೇಗ ತೊಳೆದರೆ ಗಂಜಿ ಹೋಗಿ ಎಲ್ಲ ಕಡೆ ಒಂದೇ ಸಮನೆ ಮಾಸುತ್ತದೆ. ಶೋಕಿಯವರು ತಿಂಗಳುಗಟ್ಟಲೆ ಕಾಯುವುದು ಇಷ್ಟಕ್ಕೇ.

ಕೀಟಾಣು? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ 15 ತಿಂಗಳು ಒಂದೇ ಜೀನ್ಸನ್ನು ತೊಳೆಯದೆ ಹಾಕಿಕೊಂಡಿದ್ದ. 2011ರಲ್ಲಿ ಅಲ್ಲಿಯ ಲ್ಯಾಬಿನಲ್ಲಿ ಅದರ ಬ್ಯಾಕ್ಟೀರಿಯಾ ಎಣಿಸಿದರು. ಆಮೇಲೆ ತೊಳೆದು 13 ದಿನ ಹಾಕಿಕೊಂಡು ಮತ್ತೆ ಎಣಿಸಿದರು. ಎರಡೂ ಲೆಕ್ಕ ಹೆಚ್ಚುಕಡಿಮೆ ಒಂದೇ. ನಾತ ತಡೆಯಲು ಆತ ಪ್ಯಾಂಟನ್ನು ಫ್ರೀಜರಿನಲ್ಲಿ ಇಡುತ್ತಿದ್ದನಂತೆ. ತಣ್ಣಗಾದ ಬ್ಯಾಕ್ಟೀರಿಯಾ ಎಲ್ಲ ಸಾಯುವುದಿಲ್ಲ, ಬಹಳಷ್ಟು ಸುಮ್ನೆ ಮಲಗುತ್ತವೆ. ಮೈ ಬಿಸಿ ತಾಗಿದರೆ ಎದ್ದು ಕೂರುತ್ತವೆ. ನಮ್ಮಕ್ಕನ ಫ್ರಿಡ್ಜಿನಲ್ಲಿ ಹಾಲಿನ ಪಕ್ಕ ಪ್ಯಾಂಟು ಇಟ್ಟು ನೋಡಲಿ, ಸಾಯೋದು ಯಾರು ಅಂತ ಗೊತ್ತಾಗುತ್ತೆ.

ಆದರೆ ಆ ಕೆನಡಾದವನು ಕಾಲೇಜು ಹುಡುಗ. ಲಾರಿ ಕೆಳಗೆ ಮಲಗುವವನಲ್ಲ.

ಅಳಿಯನ ಪ್ಯಾಂಟಿನ ತೊಡೆ ಭಾಗವನ್ನು ಒಂದು ಮಧ್ಯಾಹ್ನ ಭೂತಗನ್ನಡಿ ಹಿಡಿದು ನೋಡಿದೆ. ಗ್ರೀಸು ಜಿಡ್ಡಾಗಿ ಹರಡಿತ್ತು. ಅದರ ತುಂಬ ಕಾಳುಕಾಳು. ಕೆಲವು ಕೆಂಪು, ಭೀಮಸಮುದ್ರದ ಕಡೆಯಿಂದ ಬರುವ ಅದಿರಿನ ಲಾರಿಗಳದ್ದು. ಕೆಲವು ಗಾಜಿನ ಚೂರಿನ ಹಾಗೆ ಮಿಣಮಿಣ, ರಸ್ತೆಯ ಮರಳು. ಮರಳು ಅಂದರೆ ಬಹುಪಾಲು ಕ್ವಾರ್ಟ್ಜ್, ಅಂದರೆ ಸಿಲಿಕಾ. ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಅದಕ್ಕೆ 7. ಚಾಕುವಿನ ಉಕ್ಕಿಗೆ 5.5ರ ಆಸುಪಾಸು. ಕೂದಲಿಗಿಂತಲೂ ತೆಳುವಾದ ಹತ್ತಿ ಎಳೆ ಇದರ ಮುಂದೆ ಯಾವ ಲೆಕ್ಕ?

"ಎಂಜಿನ್ನಿನ ವಾಲ್ವ್ ಕೂರುವ ಸೀಟಿಗೆ ಏನು ಹಚ್ಚಿ ಉಜ್ಜುತ್ತೀಯ?" ಅಂತ ಕೇಳಿದೆ.

"ಗ್ರೈಂಡಿಂಗ್ ಪೇಸ್ಟ್."

"ಅದರಲ್ಲಿ ಏನಿರುತ್ತೆ?"

"ಗ್ರೀಸು, ಕಾರ್ಬೊರಂಡಮ್ ಅನ್ನೋ ಗಡಸು ಪುಡಿ" ಅಂದವನು ಪ್ಯಾಂಟು ನೋಡಿಕೊಂಡು ಸುಮ್ಮನಾದ.

ಒಣ ಧೂಳು ಕೊಡವಿದರೆ ಉದುರುತ್ತದೆ. ಗ್ರೀಸು ಅದನ್ನು ಅಂಟಿಸಿ ಹಿಡಿದಿಡುತ್ತದೆ. ಆಮೇಲೆ ಅವನು ಕೂತಾಗ, ಎದ್ದಾಗ, ಮೊಣಕಾಲೂರಿದಾಗ ನೂಲಿನ ಸಂದಿಯಲ್ಲಿ ಆ ಕಾಳುಗಳು ಆಚೀಚೆ ಆಡುತ್ತವೆ. ಉಕ್ಕಿನ ವಾಲ್ವನ್ನೇ ಸವೆಸುವ ಉಪಾಯ ಇದು. ತೊಳೆದರೆ ಹೋಗುವುದು ಬಣ್ಣ. ತೊಳೆಯದಿದ್ದರೆ ಹೋಗುವುದು ನೂಲೇ. ಬಳ್ಳಾರಿಯಂಥ ಕಡೆ ವಾಷಿಂಗ್ ಯೂನಿಟ್ಟುಗಳು ಹೊಸ ಜೀನ್ಸನ್ನು ಹಳೆಯದಾಗಿ ಕಾಣಿಸಲು ಮಾಡುವುದೂ ಉಜ್ಜುವ ಕೆಲಸವೇ. ಕೆಲವು ದೇಶಗಳಲ್ಲಿ ಇದಕ್ಕೆ ಗಾಳಿಯ ಒತ್ತಡದಲ್ಲಿ ಮರಳನ್ನೇ ಬಟ್ಟೆಗೆ ಚಿಮ್ಮಿಸುತ್ತಿದ್ದರು. ಟರ್ಕಿಯಲ್ಲಿ ಆ ಕೆಲಸ ಮಾಡಿದ ಎಳೆ ಹುಡುಗರ ಶ್ವಾಸಕೋಶದಲ್ಲಿ ಸಿಲಿಕಾ ತುಂಬಿ ಸಿಲಿಕೋಸಿಸ್ ಅನ್ನುವ ಕಾಯಿಲೆ ಬಂತು, ಹಲವರು ಸತ್ತರು. 2009ರಲ್ಲಿ ಅಲ್ಲಿ ಅದನ್ನು ನಿಷೇಧಿಸಿದರು. ನಮ್ಮೂರ ಮಂಡಕ್ಕಿ ಭಟ್ಟಿಯ ಕಡೆಗೆ ಬಂದರೆ ಅಲ್ಲೂ ಇದೇ ಸಿಲಿಕಾ. ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿ 100ಕ್ಕೆ 80ಕ್ಕಿಂತ ಜಾಸ್ತಿ ಭಾಗ ಅದೇ ಇರುತ್ತದೆ. ಅಂಥ ಬೂದಿಯಲ್ಲಿ ಪಾತ್ರೆ ತಿಕ್ಕಿದರೆ ಮಸಿ ಹೋಗುತ್ತದೆ; ಭಟ್ಟಿ ಮುಂದೆ ದುಡಿಯುವವನ ಪ್ಯಾಂಟಿಗೆ ಮೆತ್ತಿದರೆ ಅಲ್ಲೂ ತಿಕ್ಕುತ್ತಲೇ ಇರುತ್ತದೆ.

ಬಟ್ಟೆ ಹೋದರೆ ಇನ್ನೊಂದು ತರಬಹುದು. ನನಗೆ ಜಾಸ್ತಿ ಚಿಂತೆಯಾದದ್ದು ಚರ್ಮದ್ದು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು, ಹತ್ತಿ ಮಿಲ್ಲುಗಳ ಕಾಲದಲ್ಲಿ. ಅಸಲಿ ಮ್ಯಾಂಚೆಸ್ಟರಿನಲ್ಲಿ ಮ್ಯೂಲ್ ಅನ್ನುವ ನೂಲುವ ಯಂತ್ರ ಇತ್ತು. ಅದರ ಕದಿರುಗಳಿಗೆ ಹಾಕಿದ ಎಣ್ಣೆ, ಯಂತ್ರದ ಮೇಲೆ ಬಗ್ಗಿ ಎಳೆ ಜೋಡಿಸುವ ಕೆಲಸಗಾರರ ಪ್ಯಾಂಟಿಗೆ ಸಿಡಿಯುತ್ತಿತ್ತು. ಎಣ್ಣೆಯಲ್ಲಿ ನೆಂದ ಬಟ್ಟೆ ವರ್ಷಗಟ್ಟಲೆ ತೊಡೆಸಂದಿಗೆ ಉಜ್ಜಿತು. 1922ರಲ್ಲಿ ಅಲ್ಲಿಯ ಇಬ್ಬರು ವೈದ್ಯರು ಈ ಕೆಲಸಗಾರರಲ್ಲಿ ವೃಷಣ ಚೀಲದ ಕ್ಯಾನ್ಸರ್ ಕಾಣುತ್ತಿದೆ ಎಂದು ಬರೆದರು. ಸರಿಯಾಗಿ ಶುದ್ಧೀಕರಿಸದ ಖನಿಜ ಎಣ್ಣೆ ಕ್ಯಾನ್ಸರ್ ತರುತ್ತದೆ ಅನ್ನುವುದು ಈಗ ಎಲ್ಲರೂ ಒಪ್ಪಿದ ಮಾತು. ಇವತ್ತಿನ ಹೊಸ ಎಂಜಿನ್ ಆಯಿಲ್ ಎಷ್ಟೋ ಶುದ್ಧ. ಆದರೆ ಎಂಜಿನ್ನಿನಲ್ಲಿ ಸಾವಿರಾರು ಕಿಲೋಮೀಟರ್ ಬೆಂದು ಕಪ್ಪಾಗಿ ಇಳಿಯುವ ಆಯಿಲ್ ಹಾಗಲ್ಲ. ಸುಟ್ಟ ಇಂಧನದ ಕೆಟ್ಟ ರಾಸಾಯನಿಕಗಳೆಲ್ಲ ಅದರಲ್ಲಿ ಸೇರಿರುತ್ತವೆ. ನಮ್ಮ ಹುಡುಗ ಆ ಆಯಿಲ್ ಒರೆಸಿದ ಕಾಟನ್ ವೇಸ್ಟನ್ನು ಹಿಂದಿನ ಜೇಬಿನಲ್ಲೇ ತುರುಕಿಕೊಂಡು ಓಡಾಡುತ್ತಿದ್ದ. ಮೊದಲು ಬಿಡಿಸಿದ್ದು ಅದನ್ನ.

ಹಾಗಾಗಿ ನನ್ನ ತೀರ್ಪು ಅಕ್ಕನ ಕಡೆಗೇ ಆಯಿತು. ಆಫೀಸಿನವನು ಆರು ತಿಂಗಳು ಕಾಯಲಿ. ಗ್ಯಾರೇಜಿನವನು ವಾರಕ್ಕೊಮ್ಮೆ ತೊಳೆಯಲಿ. ಎಣ್ಣೆ ಬಟ್ಟೆ ದಾಟಿ ಮೈಗೆ ಇಳಿದರೆ ಅವತ್ತೇ. ಅಷ್ಟಕ್ಕೂ ಜೀನ್ಸ್ ಹುಟ್ಟಿದ್ದೇ ದುಡಿಯುವವರಿಗೆ. 1873ರಲ್ಲಿ ಅಮೆರಿಕದ ಜೇಕಬ್ ಡೇವಿಸ್ ಅನ್ನುವ ದರ್ಜಿ, ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ ಪೇಟೆಂಟ್ ಪಡೆದದ್ದು ಕೂಲಿಯವರ ಜೇಬು ಹರಿಯದಂತೆ ತಾಮ್ರದ ರಿವೆಟ್ ಹೊಡೆಯುವ ಉಪಾಯಕ್ಕೆ.

ತೊಳೆಯುವುದರಲ್ಲೂ ಒಂದು ಕ್ರಮ ಬೇಕು. ಒಣಗಿದ್ದಾಗಲೇ ಚೆನ್ನಾಗಿ ಕೊಡವಬೇಕು. ಜಿಡ್ಡಿರುವ ಕಡೆ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಅದರ ಕಣಕ್ಕೆ ಒಂದು ತುದಿಯಲ್ಲಿ ಎಣ್ಣೆ ಇಷ್ಟ, ಇನ್ನೊಂದು ತುದಿಯಲ್ಲಿ ನೀರು ಇಷ್ಟ. ಜಿಡ್ಡನ್ನು ಸುತ್ತುವರಿದು ನೀರಿಗೆ ಎಳೆದು ತರುತ್ತದೆ. ಜಿಡ್ಡು ಬಿಟ್ಟರೆ ಮರಳೂ ಬಿಡುತ್ತದೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಅದಕ್ಕೆ ಬಾರ್ ಸೋಪು ಬೇಡ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಅದು ಬಿಳಿ ಗಸಿಯಾಗಿ ಬಟ್ಟೆಗೇ ಅಂಟುತ್ತದೆ. ಡಿಟರ್ಜೆಂಟ್ ಪೌಡರ್ ವಾಸಿ. ಪ್ಯಾಂಟು ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ನೆನೆಸಿ, ಕೈಯಲ್ಲಿ ಹಿಂಡಿದರೆ ಸಾಕು. ಕಲ್ಲಿಗೆ ಬಡಿಯಬಾರದು. ಬಿಸಿನೀರಿಗೆ ಹಾಕಿದರೆ ಮಗ್ಗದಲ್ಲಿ ಬಿಗಿದಿದ್ದ ನೂಲು ಸಡಿಲಾಗಿ ಕುಗ್ಗುತ್ತದೆ. ಮೊದಲೇ ಕುಗ್ಗಿಸದ ಬಟ್ಟೆಯಾದರೆ 100ಕ್ಕೆ 10ರವರೆಗೂ ಹೋಗುತ್ತದೆ. 30 ಇಂಚಿನ ಕಾಲು 27ಕ್ಕೆ ಬರುತ್ತದೆ. ಸೀಮೆಎಣ್ಣೆ, ಪೆಟ್ರೋಲಲ್ಲಿ ಅದ್ದುವ ಗ್ಯಾರೇಜ್ ಬುದ್ಧಿ ಮಾತ್ರ ಬೇಡವೇ ಬೇಡ. ಆವಿ ಉಳಿದು ಎಲ್ಲಿ ಹೊತ್ತಿಕೊಳ್ಳುತ್ತೋ ಹೇಳೋಕಾಗಲ್ಲ.

ಭಾನುವಾರ ಅವನ ಕೈಯಲ್ಲೇ ತೊಳೆಸಿದೆ. ಮೊದಲ ಬಕೆಟ್ಟಿನ ನೀರು ಡಿಕಾಕ್ಷನ್. ಎರಡನೆಯದು ಅದಿರಿನ ಕೆಂಪು. ಮೂರನೆಯದರಲ್ಲಿ ನೀಲಿ ಬರತೊಡಗಿತು. ಮೊದಲಿನದನ್ನು ಬಗ್ಗಿಸಿದಾಗ ತಳದಲ್ಲಿ ಕೆಸರು ಉಳಿದಿತ್ತು. ಹುಡುಗ ಅದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಉಜ್ಜಿದ. ಹಳೇ ಆಯಿಲಿನಲ್ಲಿ ಕಬ್ಬಿಣದ ಪುಡಿ ಇದೆಯಾ ಅಂತ ನೋಡುವುದೂ ಹಾಗೆಯೇ. "ಮಾಮ, ಇದು ಪೇಸ್ಟೇ" ಅಂದ.

ಮೂರನೆಯ ಬಕೆಟ್ಟನ್ನು ಚೆಲ್ಲುವುದು ಮರೆತೆವು. ಅಕ್ಕ ನೋಡದೆ ಅದಕ್ಕೇ ಭಾವನ ಬಿಳಿ ಪಂಚೆ ಅದ್ದಿದಳು. ಪಂಚೆಗೆ ಬೇರೆ ನೀಲಿ ಹಾಕುವ ಖರ್ಚು ಉಳೀತಲ್ಲ ಅಂದೆ. ಭಾವ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.